ಒಬ್ಬರು ಹೋಗಿ ಮೂವರು ಕೇಳಿದ ಕಚೇರಿಗಳು

ಕೊಪ್ಪದ ನಮ್ಮ ಮನೆಯಲ್ಲಿ ಒಂದು ನಿಯಮವಿತ್ತು. ಊರಲ್ಲಿ ಯಾವ ಕಾರ್ಯಕ್ರಮ ನಡೆದರೂ ಇಬ್ಬರು ಸೊಸೆಯರಲ್ಲಿ ಒಬ್ಬಳು ಹೋಗಬಹುದು. ಹೋದವಳು ಮರುದಿನ ಬೆಳಿಗ್ಗೆ ಹತ್ತು ಗಂಟೆಯ ಕಾಫಿಗೆ ಕೂತಾಗ ಎಲ್ಲವನ್ನೂ ಹೇಳಬೇಕು. ಎಲ್ಲವನ್ನೂ ಅಂದರೆ, ಗೇಟು ದಾಟಿದಲ್ಲಿಂದ ಹಿಡಿದು ವಾಪಸ್ ಬಂದು ಚಪ್ಪಲಿ ಬಿಟ್ಟಲ್ಲಿಯವರೆಗೆ.

ನಿಯಮ ಮಾಡಿದ್ದು ಅತ್ತೆ. ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದ ಮೇಲೆ ಅವರ ಪ್ರಪಂಚ ನಡುಮನೆಯ ಮಂಚಕ್ಕೆ ಬಂದು ನಿಂತಿತ್ತು. ಗಂಡಸರು, ಅಂದರೆ ನಮ್ಮನೆಯವರು ಮತ್ತು ಭಾವ, ಬಸ್‌ಸ್ಟ್ಯಾಂಡ್ ಹತ್ತಿರ ಪಂಪ್‌ಸೆಟ್, ಸ್ಪ್ರೇಯರ್ ರಿಪೇರಿ ಮಾಡುವ ಅಂಗಡಿ ಇಟ್ಟಿದ್ದರು. ಅವರು ಬರುವುದು ಕತ್ತಲಾದ ಮೇಲೆ. ಕಾರ್ಯಕ್ರಮಗಳೆಲ್ಲ ಸಂಜೆಗೇ. ಅತ್ತೆಯ ಹತ್ತಿರ ಒಬ್ಬರು ಇರಲೇಬೇಕು. ಹಾಗಾಗಿ ನಾನೂ ನನ್ನ ಓರಗಿತ್ತಿಯೂ ಅಕ್ಕಪಕ್ಕ ಕೂತು ನೋಡಿದ ಕಾರ್ಯಕ್ರಮ ಆ ಕಾಲದಲ್ಲಿ ಒಂದೂ ಇಲ್ಲ.

ಓರಗಿತ್ತಿಯನ್ನು ನಾನು ಅಕ್ಕ ಅಂತಲೇ ಕರೆಯುವುದು. ನನಗಿಂತ ಮೊದಲು ಆ ಮನೆಗೆ ಬಂದವರು, ಕಮ್ಮರಡಿ ಕಡೆಯವರು. ಏಳನೇ ತರಗತಿಗೆ ಶಾಲೆ ಬಿಟ್ಟವರು. ನಾನು ನರಸಿಂಹರಾಜಪುರದ ಕಾನ್ವೆಂಟಿನಲ್ಲಿ ಓದಿದವಳು. ಹೀಗಾಗಿ ನಾವು ಕೇಳದೆಯೇ ನಮ್ಮ ನಡುವೆ ಒಂದು ಹಂಚಿಕೆ ಆಗಿಹೋಗಿತ್ತು. ಕಂಪ್ಯೂಟರ್, ಫೋನು, ಇಂಟರ್‌ನೆಟ್ ಅಂತ ಯಾರಾದರೂ ಬಂದು ಭಾಷಣ ಮಾಡುವುದಿದ್ದರೆ ನಾನು. ಸಂಗೀತ ಇದ್ದರೆ ಅಕ್ಕ. ಕಣ್ಣಿನ ತಪಾಸಣೆ, ರಕ್ತದಾನ, ಶಾಲೆ ಮಕ್ಕಳಿಗೆ ಕೊಡೆ ಹಂಚುವುದು, ಇಂಥವಕ್ಕೆ ಯಾರಿಗೆ ಪುರುಸೊತ್ತೋ ಅವರು.

ಮೊದಲ ಸಲ ನಾನು ಹೇಳಿದ್ದು ನನಗಿನ್ನೂ ನೆನಪಿದೆ. ಬಾಳಗಡಿಯ ಕಾಲೇಜಿನಲ್ಲಿ ಮೊಬೈಲ್ ಫೋನನ್ನು ಜಾಗ್ರತೆಯಾಗಿ ಬಳಸುವುದು ಹೇಗೆ ಅಂತ ಒಂದು ಉಪನ್ಯಾಸ. ನಾನು ಕಾನ್ವೆಂಟಿನ ಪ್ರಬಂಧದ ಹಾಗೆ ಪೀಠಿಕೆ, ವಿಷಯ, ಉಪಸಂಹಾರ ಅಂತ ಸಾಲಾಗಿ ಹೇಳಿ ಮುಗಿಸಿದೆ. ಅತ್ತೆ ಲೋಟ ಕೆಳಗಿಟ್ಟು, "ನೀನು ಹೇಳಿದ್ದು ರೇಡಿಯೋದಲ್ಲಿ ವಾರ್ತೆ ಓದಿದ ಹಾಗಾಯ್ತು. ಎಂತ ತಿಂಡಿ ಕೊಟ್ರು?" ಅಂದರು.

"ಬಿಸ್ಕತ್ತು ಕೊಟ್ರು ಅಂತ ಕಾಣ್ತದೆ ಅತ್ತೆ."

"ಕಾಣ್ತದೆ ಅಂದ್ರೆ ಎಂಥದು? ತಿಂದಿದ್ದು ನೀನಾ, ಪಕ್ಕದವಳಾ?"

ಅಕ್ಕ ಬೀನ್ಸಿನ ನಾರು ತೆಗೆಯುತ್ತಾ ತಲೆ ಬಗ್ಗಿಸಿಕೊಂಡು ನಕ್ಕರು. ನಂತರ ಅಡುಗೆಮನೆಯಲ್ಲಿ ನನಗೆ ಮೆತ್ತಗೆ, "ಅವರಿಗೆ ಫೋನಿನ ವಿಷಯ ತಗೊಂಡು ಎಂತ ಆಗ್ಬೇಕು ಮಾರಾಯ್ತಿ. ಯಾರು ಬಂದಿದ್ರು, ಯಾವ ಸೀರೆ ಉಟ್ಟಿದ್ರು, ಯಾರು ಎದ್ದು ಹೋದ್ರು, ಅದು ಬೇಕು. ನೀನು ಸ್ಟೇಜನ್ನೇ ನೋಡ್ಕೊಂಡು ಕೂತಿದ್ದೆ ಅಂತ ಕಾಣ್ತದೆ" ಅಂದರು.

ನಿಜ, ನಾನು ವೇದಿಕೆಯನ್ನೇ ನೋಡಿಕೊಂಡು ಕೂತಿದ್ದೆ. ಸಿಸ್ಟರುಗಳು ನಮಗೆ ಕಲಿಸಿದ್ದೇ ಹಾಗೆ: ಕೈ ಮಡಿಲಲ್ಲಿ, ಕಣ್ಣು ಎದುರಿಗೆ, ಜನರನ್ನು ದಿಟ್ಟಿಸಬಾರದು. ಅಕ್ಕಪಕ್ಕ ನೋಡುವುದನ್ನು ನನಗೆ ಕಲಿಸಿದ್ದು ಅಕ್ಕ.

ಅವರು ಹೇಳುವ ಕ್ರಮವೇ ಬೇರೆ. ರಾಗದ ಹೆಸರು ಒಂದೂ ಅವರಿಗೆ ಗೊತ್ತಿರಲಿಲ್ಲ. "ತುಂಬಿದ ಕೊಡ ಸೊಂಟಕ್ಕಿಟ್ಟುಕೊಂಡು ಮೆಟ್ಲು ಇಳೀತಾರಲ್ಲ, ಹಾಗಿತ್ತು ಅತ್ತೆ, ಮೆತ್ತಗೆ, ಒಂದು ಹನಿ ಚೆಲ್ಲದ ಹಾಗೆ" ಅಂತ ಹೇಳಿ, ಕೈಯಲ್ಲೇ ಒಂದೊಂದು ಮೆಟ್ಟಿಲು ಇಳಿದು ತೋರಿಸಿ, ಸಣ್ಣ ದನಿಯಲ್ಲಿ ಎರಡು ಸಾಲು ಗುನುಗುತ್ತಿದ್ದರು. ಗುನುಗಿದ್ದು ಸರಿಯೋ ತಪ್ಪೋ ಯಾರಿಗೆ ಗೊತ್ತು. ನನಗೂ ಅತ್ತೆಗೂ ಅದೇ ಕಚೇರಿ. ಪಿಟೀಲಿನವರು ಗಲ್ಲದ ಕೆಳಗೆ ಇಟ್ಟುಕೊಂಡ ಕರವಸ್ತ್ರಕ್ಕೆ ಅಂಚು ಹೊಲಿದಿರಲಿಲ್ಲ ಎನ್ನುವುದು, ಅಧ್ಯಕ್ಷರು 'ಸಮಯದ ಅಭಾವ' ಅಂತ ಹೇಳಿ ಹೇಳಿಯೇ ಗಾಯಕರ ಒಂದು ಕೀರ್ತನೆಯಷ್ಟು ಹೊತ್ತು ತಿಂದಿದ್ದು, ಮೃದಂಗದವರೊಬ್ಬರೇ ಬಾರಿಸುವ ತನಿ ಆವರ್ತನ ಶುರುವಾದ ಕೂಡಲೇ ಮೂರನೇ ಸಾಲಿನವರು ಇಡೀ ಸಾಲಾಗಿ ಕಾಫಿಗೆ ಎದ್ದಿದ್ದು, ಒಂದೂ ಅವರ ಕಣ್ಣು ತಪ್ಪುತ್ತಿರಲಿಲ್ಲ. ಒಮ್ಮೆ ಹೇಳಿದರು: "ಮೃದಂಗದ ಎಡಗಡೆಗೆ ರವೆ ಕಲಸಿ ಹಚ್ತಾರೆ ಅತ್ತೆ, ಇಷ್ಟು ದೊಡ್ಡ ಉಂಡೆ. ಕಡೇಲಿ ಉಪ್ಪಿಟ್ಟು ಸಾಲದೇ ಬಂದಿದ್ದು ಅದಕ್ಕೇ ಇರ್ಬೇಕು." ಅತ್ತೆ ನಕ್ಕು ನಕ್ಕು ಸೊಂಟ ಹಿಡಿದುಕೊಂಡು, ನಗಿಸಬೇಡ ನೋಯ್ತದೆ ಅಂತ ಬೈದರು.

ನಿಧಾನಕ್ಕೆ ನಾನೂ ಕಲಿತೆ. ನರಸಿಂಹರಾಜಪುರದಲ್ಲಿ ಯಾವುದೋ ಸಂಸ್ಥೆಯವರು ಬಡವರಿಗೆ ಪುಕ್ಕಟೆ ಕನ್ನಡಕ ಕೊಡುವ ಕಾರ್ಯಕ್ರಮ ಮಾಡಿದ್ದರು. ತವರಿಗೆ ಹೋಗಿದ್ದವಳು ಅಲ್ಲಿಗೂ ಹೋಗಿ ಕೂತೆ. ಕನ್ನಡಕ ಹಾಕಿಸಿ ನೋಡುವುದಕ್ಕೆ ಅಲ್ಲಿ ಒಂದೇ ಹಳೇ ಪೇಪರು. ಎಲ್ಲರ ಕೈಗೂ ಅದನ್ನೇ ಕೊಡುತ್ತಿದ್ದರು. ಒಬ್ಬ ಅಜ್ಜ ಮೇಲಿನ ದಪ್ಪ ಅಕ್ಷರ ಓದು ಅಂದರೆ ಓದಲೊಲ್ಲ. ಸೀದಾ ಒಳಪುಟ ತಿರುಗಿಸಿ ಅಡಿಕೆ ಧಾರಣೆಯ ಸಣ್ಣ ಅಕ್ಷರಕ್ಕೆ ಬೆರಳಿಟ್ಟು ಸರಾಗ ಓದಿಬಿಟ್ಟ. "ಕಾಣ್ತದೆ, ಕನ್ನಡಕ ಸರಿ ಇದೆ. ರೇಟೇ ಸರಿ ಇಲ್ಲ" ಅಂದ. ಇದನ್ನು ನಾನು ಅಜ್ಜನ ದನಿಯಲ್ಲೇ ಹೇಳಿದ ದಿನ ಅತ್ತೆ ಅಕ್ಕನ ಮುಖ ನೋಡಿ, "ಇವಳಿಗೂ ಬಾಯಿ ಬಂತು ನೋಡು" ಅಂದರು. ಕಾನ್ವೆಂಟಿನಲ್ಲಿ ಎಷ್ಟೋ ಪ್ರೈಜ್ ತಗೊಂಡಿದ್ದೇನೆ. ಇದರಷ್ಟು ಖುಷಿ ಕೊಟ್ಟದ್ದು ಒಂದೂ ಇಲ್ಲ.

ಅತ್ತೆ ಹೋದ ಮೇಲೆ ವರ್ಷ ಕಳೆಯುವ ತನಕ ನಮ್ಮಲ್ಲಿ ಇಂಥದ್ದಕ್ಕೆಲ್ಲ ಹೋಗುವ ಹಾಗಿಲ್ಲ. ವರ್ಷಾಂತಿಕ ಮುಗಿಯಲಿ, ಇಬ್ಬರೂ ಒಟ್ಟಿಗೆ ಶೃಂಗೇರಿಗೆ ಹೋಗಿ ಒಂದು ಕಚೇರಿ ಪೂರ್ತಿ ಕೇಳಿಕೊಂಡು ಬರೋಣ ಅಂತ ಮಾತಾಡಿಕೊಂಡಿದ್ದೆವು. ಅಷ್ಟರಲ್ಲಿ ಅಂಗಡಿಯ ವ್ಯಾಪಾರ ಇಬ್ಬರಿಗೆ ಸಾಲುವುದಿಲ್ಲ ಅಂತಾಯಿತು. ಜಗಳ ಏನಿಲ್ಲ. ಭಾವನಿಗೆ ಬಸರೀಕಟ್ಟೆಯ ಕಡೆ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕಪತ್ರ ನೋಡುವ ರೈಟರ್ ಕೆಲಸ ಸಿಕ್ಕಿತು, ಇರುವುದಕ್ಕೆ ಕ್ವಾರ್ಟರ್ಸೂ ಕೊಟ್ಟರು. ಜೀಪಿಗೆ ಪಾತ್ರೆಪಗಡ ಏರಿಸುವಾಗ ಅಕ್ಕ ನನ್ನ ಕೈ ಹಿಡಿದುಕೊಂಡು, "ಇನ್ನು ನಿಂಗೆ ಯಾರ ಕಾವಲೂ ಇಲ್ಲ. ಎಲ್ಲದಕ್ಕೂ ಹೋಗು. ಹೋಗಿ ಬಂದು ಫೋನ್ ಮಾಡು" ಅಂದರು.

ಅವರಿಗೆ ಮಾತ್ರ ಯಾವುದಕ್ಕೂ ಬರಲು ಆಗುತ್ತಿರಲಿಲ್ಲ. ಸಂಜೆಯ ಕಾರ್ಯಕ್ರಮ ಮುಗಿಯುವ ಹೊತ್ತಿಗೆ ಆ ಕಡೆಗೆ ಬಸ್ಸಿಲ್ಲ.

ಆದರೆ ಹತ್ತು ಗಂಟೆಯ ಕಾಫಿ ಉಳಿಯಿತು. ಈ ತುದಿಯಲ್ಲಿ ನಾನು ಅಡುಗೆಮನೆಯ ಕಟ್ಟೆಗೆ ಒರಗಿ ನಿಲ್ಲುವುದು. ಆ ತುದಿಯಲ್ಲಿ ಅಕ್ಕ ಲೋಟ ಹಿಡಿದುಕೊಂಡು ಕ್ವಾರ್ಟರ್ಸಿನಿಂದ ಕಾಫಿ ಒಣಗಿಸುವ ಕಣದ ತನಕ ನಡೆದು ಬರುವುದು. ಸಿಗ್ನಲ್ ಸಿಗುವುದು ಕಣದ ಮೂಲೆಯಲ್ಲಿ ಮಾತ್ರ. ಅಲ್ಲಿ ಒಂದು ಕಲ್ಲಿನ ಮೇಲೆ ಕೂತು, "ಹ್ಞಾಂ, ಹೇಳು" ಅನ್ನುತ್ತಿದ್ದರು. ಆ 'ಹೇಳು' ಕೇಳಿದರೆ ಸಾಕು, ನನ್ನ ನಾಲಿಗೆಗೆ ಕಾಲು ಬಂದ ಹಾಗಾಗುತ್ತಿತ್ತು.

ಈಗ ಸಂಗೀತಕ್ಕೂ ನಾನೇ ಹೋಗಬೇಕಿತ್ತಲ್ಲ. ಮೊದಮೊದಲು ದಿಗಿಲಾಯಿತು. ಕೊಡ ಹಿಡಿದು ಮೆಟ್ಟಿಲು ಇಳಿಯುವಂಥದು ನನಗೆ ಎಲ್ಲಿ ಹೊಳೆಯಬೇಕು. ಹಾಗಾಗಿ ನಾನು ನನ್ನದೇ ದಾರಿ ಹಿಡಿದೆ. ಗಾಯಕರ ಎಡಗೈ ಏನು ಮಾಡುತ್ತದೆ, ತಂಬೂರಿಯ ಬದಲಿಗೆ ಇಟ್ಟ ಮೊಬೈಲಿಗೆ ನಡುವೆ ಕಾಲ್ ಬಂದರೆ ಯಾರು ಓಡಿ ಬಂದು ಕಟ್ ಮಾಡುತ್ತಾರೆ, ಶಾಲು ಹೊದೆಸುವಾಗ ಯಾರ ಜಡೆ ಶಾಲಿನ ಒಳಗೆ ಸಿಕ್ಕಿಕೊಂಡಿತು, ಇವನ್ನೆಲ್ಲ ಮನಸ್ಸಿನಲ್ಲಿ ಇಟ್ಟುಕೊಂಡು ಬರುತ್ತಿದ್ದೆ. ಕೂತು ಕೇಳುವಾಗಲೇ ಒಳಗೊಳಗೇ ಅಕ್ಕನಿಗೆ ಹೇಳುತ್ತಿರುತ್ತಿದ್ದೆ ಅಂತ ಈಗ ಅನಿಸುತ್ತದೆ. ಒಂದು ಹಾಡು ಚೆನ್ನಾಗಿ ಬಂದರೆ ಅದು ನನಗೆ ಅರ್ಧ ಬಂದ ಹಾಗೆ. ಮರುದಿನ ಹೇಳಿದ ಮೇಲೆ ಇನ್ನರ್ಧ.

"ನೀನೀಗ ನನಗಿಂತ ಚೆನ್ನಾಗಿ ಹೇಳ್ತೀ" ಅಂತ ಅಕ್ಕ ಒಂದು ದಿನ ಅಂದರು. "ನಾನು ಹೇಳ್ತಿದ್ದಾಗ ಅರ್ಧ ಕಟ್ಟಿ ಹೇಳ್ತಿದ್ದೆ. ನೀನು ನೋಡಿದ್ದೇ ಹೇಳ್ತೀಯ."

"ಅಂಚು ಹೊಲಿಯದ ಕರವಸ್ತ್ರ?"

"ಅದು ಕಟ್ಟಿದ್ದು ಮಾರಾಯ್ತಿ. ಅಷ್ಟು ಹಿಂದೆ ಕೂತವಳಿಗೆ ಅಂಚು ಎಲ್ಲಿ ಕಾಣ್ಬೇಕು. ಅತ್ತೆಗೆ ಇಂಥದೆಲ್ಲ ಖುಷಿ ಅಂತ ಹೇಳ್ತಿದ್ದೆ."

ಹೀಗೆ ನಡೆಯುತ್ತಿದ್ದಾಗ ಬಾಳಗಡಿಯ ಕಾಲೇಜಿನಲ್ಲಿ ಇನ್ನೊಂದು ಉಪನ್ಯಾಸ ಇಟ್ಟರು. ಸಂಘ ಸಂಸ್ಥೆಗಳು ತಮ್ಮ ಕಾರ್ಯಕ್ರಮವನ್ನು ಫೋನಿನಿಂದಲೇ ಲೈವ್ ಮಾಡುವುದು ಹೇಗೆ ಅಂತ. ಹೇಳಿಕೊಟ್ಟವರು ಒಬ್ಬ ಲೆಕ್ಚರರ್, ಚುರುಕಾದ ಹುಡುಗಿ, ದುಪಟ್ಟಾಗೆ ಪಿನ್ ಹಾಕಿದ್ದಳು. ಸ್ಟ್ಯಾಂಡಿಗೆ ಫೋನು ಸಿಕ್ಕಿಸಿ ನಮ್ಮನ್ನೇ ಹಿಡಿದು ಗೋಡೆಯ ಮೇಲಿನ ಪರದೆಯಲ್ಲಿ ತೋರಿಸಿದಳು. ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದ ಹಿರಿಯರೊಬ್ಬರು ಪರದೆಯ ಮೇಲೆ ತಮ್ಮನ್ನೇ ಕಂಡು ನೆಟ್ಟಗೆ ಕೂತರು. ಇದು ಹತ್ತು ಗಂಟೆಗೆ ಒಳ್ಳೆ ಸರಕು ಅಂತ ನಾನು ಎತ್ತಿಟ್ಟುಕೊಂಡೆ. ಕಡೆಗೆ, ಯಾರಿಗಾದರೂ ಏನಾದರೂ ಕೇಳುವುದಿದೆಯಾ ಅಂದಳು. ಅಲ್ಲಿಯ ತನಕ ಯಾವ ಸಭೆಯಲ್ಲೂ ಬಾಯಿ ತೆರೆಯದ ನಾನು ಎದ್ದು ನಿಂತೆ.

"ಕೊಪ್ಪದಲ್ಲಿ ನಡೆಯೋ ಸಂಗೀತ ಬಸರೀಕಟ್ಟೆ ಕಡೆ ಎಸ್ಟೇಟಿನಲ್ಲಿ ಇರುವವರಿಗೂ ಕಾಣ್ತದಾ?"

"ಅಲ್ಲಿ ನೆಟ್ ಇದ್ದರೆ ಕಾಣ್ತದೆ ಆಂಟಿ. ಅಮೆರಿಕದಲ್ಲೂ ಕಾಣ್ತದೆ."

ಅಮೆರಿಕ ನನಗೆ ಬೇಡವಾಗಿತ್ತು. ಎಸ್ಟೇಟಿನ ಆಫೀಸಿಗೆ ಆಗಷ್ಟೇ ವೈಫೈ ಹಾಕಿಸಿದ್ದರು, ಕ್ವಾರ್ಟರ್ಸಿಗೂ ಅದು ತಲುಪುತ್ತಿತ್ತು. ಮನೆಗೆ ಬರುವ ದಾರಿಯಲ್ಲೇ ನಮ್ಮೂರಿನ ಸಂಗೀತ ಸಭೆಯ ಕಾರ್ಯದರ್ಶಿಯವರ ಮನೆಗೆ ಹೋಗಿ ವಿಷಯ ಹೇಳಿದೆ. ಅವರು ಮೊದಲು, "ಎಲ್ಲ ಮನೆಯಲ್ಲೇ ಕೂತು ನೋಡಿದ್ರೆ ಕುರ್ಚಿಗೆ ಯಾರು ಬರ್ತಾರಮ್ಮ" ಅಂತ ರಾಗ ಎಳೆದರು. ನಾನು ಬಿಡಲಿಲ್ಲ. ಬರಲಾಗದ ಮುದುಕರಿದ್ದಾರೆ, ಕಾಯಿಲೆಯವರಿದ್ದಾರೆ, ಬಸ್ಸಿಲ್ಲದ ಊರಿನವರಿದ್ದಾರೆ ಅಂತ ಎಲ್ಲರ ಪರವಾಗಿ ಮಾತಾಡಿದೆ. ಮನಸ್ಸಿನಲ್ಲಿದ್ದದ್ದು ಒಬ್ಬರೇ. ಅವರು ಒಪ್ಪಿದರು. ಆ ಹುಡುಗಿಯೇ ಬಂದು ಎಲ್ಲ ಜೋಡಿಸಿಕೊಟ್ಟಳು.

ಅಕ್ಕನಿಗೆ ಅದನ್ನು ನೋಡುವುದು ಹೇಗೆ ಅಂತ ತೋರಿಸಿಕೊಡಲು ನಾನೇ ಬಸರೀಕಟ್ಟೆಗೆ ಹೋದೆ. ಅವರು ಕಡುಬು ಬೇಯಿಸಿದ್ದರು. ಊಟವಾದ ಮೇಲೆ ಚಾಪೆಯ ಮೇಲೆ ಅವರ ಫೋನು ಹಿಡಿದು, ಇಲ್ಲಿ ಒತ್ತಿ, ಇಲ್ಲಿ ಹೆಸರು ಹಾಕಿ, ಇದು ಬಂತಾ, ಈಗ ಈ ಗಂಟೆಯ ಗುರುತು ಒತ್ತಿ ಅಂತ ಹೇಳಿಕೊಟ್ಟೆ. ಅವರು ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಒತ್ತಿದರು. ಒತ್ತಿದವರು ಹಾಗೇ ನನ್ನ ಕಡೆ ನೋಡಿ ಅಂದರು:

"ಇದೆಲ್ಲ ಎಂತಕ್ಕೆ? ನೀನು ಹೇಳ್ತೀಯಲ್ಲ, ನನಗೆ ಅದೇ ಸಾಕು."

"ಹೇಳೋದು ಬೇರೆ ಅಕ್ಕ, ಕೇಳೋದು ಬೇರೆ. ನನಗೆ ಹಾಡೋಕೆ ಬರ್ತದಾ? ಎಷ್ಟು ದಿನ ನನ್ನ ಬಾಯಿಂದ ಕೇಳ್ತೀರಿ. ಸಂಗೀತ ಅಂದ್ರೆ ಜೀವ ಬಿಡೋರು ನೀವು. ನಿಜವಾದ್ದನ್ನೇ ಕೇಳಿ."

"ಹಾಗಂತೀಯಾ?"

"ಹಾಗೇ."

ಅವರ ಆ ಮಾತು ಉಪಚಾರಕ್ಕೆ ಬಂದದ್ದೋ, ಮನಸ್ಸಿನಿಂದಲೇ ಬಂದದ್ದೋ ನನಗೆ ಇವತ್ತಿಗೂ ಗೊತ್ತಿಲ್ಲ. ಆಗ ಯೋಚಿಸಲೂ ಇಲ್ಲ. ಒಳ್ಳೆಯದು ಮಾಡುತ್ತಿದ್ದೇನೆ ಅನ್ನುವ ಉಮೇದಿನಲ್ಲಿದ್ದೆ. ಬಸ್ಸಿನಲ್ಲಿ ವಾಪಸ್ ಬರುವಾಗ ಕಿಟಕಿಗೆ ತಲೆ ಒರಗಿಸಿಕೊಂಡು ಒಬ್ಬಳೇ ನಕ್ಕಿದ್ದೂ ನೆನಪಿದೆ.

ಮೊದಲ ಲೈವ್ ಕಚೇರಿಯ ಮರುದಿನ ಹತ್ತು ಗಂಟೆಗೆ ನಾನು ಫೋನ್ ಮಾಡುವ ಮೊದಲೇ ಅಕ್ಕನ ಫೋನು ಬಂತು.

"ನೋಡಿದೆ ಮಾರಾಯ್ತಿ. ಎದುರಿಗೇ ಕೂತು ಹಾಡಿದ ಹಾಗಿತ್ತು. ನಿನ್ನ ಭಾವನೂ ಕೂತು ನೋಡಿದ್ರು. ನಿನ್ನ ಬೆನ್ನೂ ಕಾಣ್ತಿತ್ತು, ಎರಡನೇ ಸಾಲಲ್ಲಿ. ಹಸಿರು ಸೀರೆ ಅಲ್ದಾ? ನಡುವೆ ಎಂತಕ್ಕೆ ಅಷ್ಟು ಸಲ ಹಿಂದೆ ತಿರುಗಿ ನೋಡ್ತಿದ್ದೆ?"

ಹಿಂದೆ ತಿರುಗಿ ನೋಡಿದ್ದು ಅವರಿಗಾಗಿಯೇ. ಯಾರು ಬಂದಿದ್ದಾರೆ, ಯಾರು ಎದ್ದು ಹೋದರು ಅಂತ. ಅದನ್ನು ಹೇಳಲು ಹೊರಟೆ. "ಅಲ್ಲಿ ಹಿಂದೆ ಏನಾಯ್ತು ಅಂದ್ರೆ..." ಅಂತ ಶುರುಮಾಡಿದೆ. ಅಷ್ಟರಲ್ಲಿ ಅವರು, "ಆ ನಾಲ್ಕನೇ ಹಾಡು ಎಷ್ಟು ಚೆನ್ನಾಗಿತ್ತಲ್ದಾ" ಅಂದರು. "ಹೌದು ಅಕ್ಕ, ಚೆನ್ನಾಗಿತ್ತು" ಅಂದೆ. ಇಬ್ಬರೂ ಕೇಳಿದ ಹಾಡಿನ ಬಗ್ಗೆ ಚೆನ್ನಾಗಿತ್ತು ಅನ್ನುವುದಕ್ಕಿಂತ ಹೆಚ್ಚೇನು ಹೇಳುವುದು ಅಂತ ನನಗೆ ಹೊಳೆಯಲಿಲ್ಲ. ಅವರಿಗೂ ಹೊಳೆಯಲಿಲ್ಲ ಅಂತ ಕಾಣುತ್ತದೆ. ಕಾಫಿ ಪೂರ್ತಿ ಕುಡಿಯುವ ಮೊದಲೇ ಮಾತು ಮುಗಿದಿತ್ತು.

ಆ ದಿನ ನನಗೆ ಸಂತೋಷವೇ ಆಯಿತು, ಸುಳ್ಳು ಹೇಳುವುದಿಲ್ಲ. ಅವರ ದನಿಯಲ್ಲಿ ಅಂಥ ಲವಲವಿಕೆ. ಕಮ್ಮಿಯಾದದ್ದು ಏನು ಅಂತ ತಿಳಿಯುವುದಕ್ಕೆ ಇನ್ನೂ ಕೆಲವು ಕಚೇರಿಗಳು ಬೇಕಾದವು.

ಒಂದೊಂದೇ ಸಲಕ್ಕೆ ಫೋನಿನ ಮಾತು ಸಣ್ಣದಾಯಿತು. ಅಕ್ಕ ಈಗ ಕಣದ ತನಕ ನಡೆದು ಬರಬೇಕಿರಲಿಲ್ಲ. ವೈಫೈ ಮನೆಯಲ್ಲೇ ಇತ್ತು. ಕೊಪ್ಪದ್ದಷ್ಟೇ ಅಲ್ಲ, ಮೈಸೂರಿನದು, ಮದ್ರಾಸಿನದು, ಎಲ್ಲ ಕಚೇರಿಗಳನ್ನೂ ಹುಡುಕಿ ನೋಡತೊಡಗಿದರು. ರಾಗಗಳ ಹೆಸರೂ ಕಲಿತರು. ಒಂದು ದಿನ, "ಅದು ಖರಹರಪ್ರಿಯ ಅಂತೆ, ಕೆಳಗೆ ಬರ್ದಿದ್ರು" ಅಂದರು. ನಾನು ಹ್ಞೂಂ ಅಂದೆ. ಮೊದಲಾಗಿದ್ದರೆ ಅದಕ್ಕೆ ಅಕ್ಕ ಏನೋ ಒಂದು ಹೋಲಿಕೆ ಕೊಡುತ್ತಿದ್ದರು, ನಾನು ಅದನ್ನು ಇಡೀ ದಿನ ಬಾಯಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದೆ ಅನಿಸಿತು. ಅನಿಸಿದ್ದು ತಪ್ಪು. ಇಷ್ಟು ವಯಸ್ಸಿನ ಮೇಲೆ ಹೊಸದು ಕಲಿಯುತ್ತಿರುವವರ ಬಗ್ಗೆ ಹಾಗೆ ಅಂದುಕೊಳ್ಳಬಾರದು. ಆದರೂ ಅನಿಸಿತು.

ಕ್ಯಾಮರಾ ಇಲ್ಲದ ಕಡೆ ಹೋದರೆ ಹೇಗೆ ಅಂತ ನನಗೊಂದು ಯೋಚನೆ ಬಂತು. ನರಸಿಂಹರಾಜಪುರದಲ್ಲಿ ಕ್ಯಾನ್ಸರ್ ರೋಗಿಗಳಿಗೆ ವಿಗ್ ಮಾಡಲು ಕೂದಲು ದಾನ ಕೊಡುವ ಕಾರ್ಯಕ್ರಮ ಇತ್ತು. ಹೋದೆ. ಮೊಣಕಾಲು ಮುಟ್ಟುವ ಜಡೆಯ ಹೆಣ್ಣೊಬ್ಬಳು ಕುರ್ಚಿಯಲ್ಲಿ ಕೂತಿದ್ದಳು. ಅವಳ ಅಮ್ಮ ಎದುರಿಗೆ ನಿಂತು, "ಸ್ವಲ್ಪ ಬಿಡಿ, ಮದುವೆಗೆ ಹೂ ಮುಡಿಸೋಕೆ ಬೇಕು" ಅಂತ ಕತ್ತರಿಯವಳ ಹತ್ತಿರ ಚೌಕಾಸಿ ಮಾಡುತ್ತಿದ್ದರು. ಮಗಳು ಕಣ್ಣು ಮುಚ್ಚಿಕೊಂಡು, "ಅಮ್ಮನ ಮಾತು ಕೇಳಬೇಡಿ, ಅಲ್ಲಿಗೇ ಹಾಕಿ" ಅನ್ನುತ್ತಿದ್ದಳು. ಕಡೆಗೆ ಕತ್ತರಿಸಿದ ಜಡೆಯನ್ನು ಆ ಅಮ್ಮ ಯಾರ ಕೈಗೂ ಕೊಡದೆ ಮಗುವಿನ ಹಾಗೆ ತೋಳಿನ ಮೇಲೆ ಹಾಕಿಕೊಂಡು ಕೂತರು. ದಾನದ ಪೆಟ್ಟಿಗೆ ಹಿಡಿದುಕೊಂಡವರು ಬಂದು ಬಂದು ಹೋದರು. ಕೇಳುವ ಧೈರ್ಯ ಯಾರಿಗೂ ಇಲ್ಲ.

ಇದನ್ನು ಹೇಳಬೇಕು ಅಂತ ಮರುದಿನ ಹತ್ತಕ್ಕೆ ಸರಿಯಾಗಿ ಫೋನ್ ಮಾಡಿದೆ.

"ಕೂದಲು ಕೊಡೋದಲ್ದಾ? ಗ್ರೂಪಲ್ಲಿ ಫೋಟೋ ಬಂತು" ಅಂದರು ಅಕ್ಕ. "ಪಾಪ, ಒಳ್ಳೆ ಕೆಲಸ."

"ಅಲ್ಲಿ ಒಬ್ಬಳು ಹುಡುಗಿ, ಉದ್ದ ಜಡೆ..."

"ಹ್ಞಾಂ, ನೋಡಿದೆ ನೋಡಿದೆ. ಅಮ್ಮನ ಜೊತೆ ನಿಂತಿದ್ಲು. ಚೆನ್ನಾಗಿ ನಗ್ತಾ ಇದ್ರು ಇಬ್ರೂ."

ಫೋಟೋ ಹಿಡಿಯುವಾಗ ನಕ್ಕಿರಬೇಕು. ಅಲ್ಲ ಅಕ್ಕ, ಆ ನಗುವಿನ ಮೊದಲು ಏನಾಯಿತು ಕೇಳಿ ಅನ್ನಬಹುದಿತ್ತು. ಬಾಯಿ ಬರಲಿಲ್ಲ. ಕೇಳದೆಯೇ ಹೇಳುವುದು ಬೇರೆ ಥರ. ಅಂಗಡಿಯವರು ಕೈಹಿಡಿದು ಎಳೆದು ಮಾಲು ತೋರಿಸಿದ ಹಾಗೆ ಆಗುತ್ತದೆ.

ನಮ್ಮನೆಯವರಿಗೆ ಹೇಳೋಣ ಅಂತ ಒಮ್ಮೆ ಊಟಕ್ಕೆ ಬಡಿಸುವಾಗ ಪ್ರಯತ್ನ ಮಾಡಿದೆ. ಅವರು ಒಳ್ಳೆಯವರೇ. ಪೂರ್ತಿ ಕೇಳಿದರು. ಕೇಳಿ, "ಜನರೇಟರ್ ಎಲ್ಲಿಂದ ತರಿಸಿದ್ರಂತೆ?" ಅಂದರು.

ಹೋದ ಮಳೆಗಾಲ ಮುಗಿಯುತ್ತಾ ಬಂದಾಗ ಶೃಂಗೇರಿಯಲ್ಲಿ ಒಂದು ಕಚೇರಿ ಇತ್ತು. ಬಡ ರೋಗಿಗಳ ಡಯಾಲಿಸಿಸ್ ಖರ್ಚಿಗೆ ಹಣ ಕೂಡಿಸಲು ಇಟ್ಟದ್ದು. ಹಾಡುವವರು ಅಕ್ಕನಿಗೆ ತುಂಬ ಮೆಚ್ಚಿನ ಗಾಯಕಿ. ಅದೂ ಲೈವ್ ಇತ್ತು. ಹಿಂದಿನ ದಿನ ಎಸ್ಟೇಟಿನ ಕಡೆ ಗಾಳಿಗೆ ಮರ ಬಿದ್ದು ಲೈನು ಹರಿಯಿತು. ಕಚೇರಿಯ ದಿನ ಮಧ್ಯಾಹ್ನ ಅಕ್ಕ ಫೋನ್ ಮಾಡಿದರು. ಬಹಳ ದಿನದ ಮೇಲೆ ಕಣದ ಮೂಲೆಯಿಂದ. ಹಿಂದಿನಿಂದ ಗಾಳಿಯ ಸದ್ದು ಕೇಳುತ್ತಿತ್ತು.

"ಕರೆಂಟಿಲ್ಲ, ವೈಫೈಯೂ ಇಲ್ಲ. ಇವತ್ತಿನದು ಹೋಯ್ತು ನೋಡು. ಲೈನ್‌ಮ್ಯಾನ್ ಇನ್ನೆರಡು ದಿನ ಅಂತಾನೆ."

"ಅಯ್ಯೋ ಪಾಪ" ಅಂದೆ ನಾನು. ಅಂದವಳ ಎದೆಯೊಳಗೆ ಏನೋ ಹಗುರಾಯಿತು. ಯಾರ ಮನೆಯ ಕರೆಂಟು ಹೋದರೂ ಹಾಗೆ ಖುಷಿಪಡಬಾರದು.

ಆ ಸಂಜೆ ನಾನು ಶೃಂಗೇರಿಯಲ್ಲಿ ಕೂತದ್ದು ಹಳೆಯ ಕಾಲದ ಹಾಗೆ. ಹೊರಗೆ ಚಪ್ಪಲಿ ಬಿಟ್ಟಲ್ಲಿಂದಲೇ ಶುರು. ಮುಂದಿನ ಸಾಲಿನ ಅಜ್ಜಿ ತನ್ನ ಮೊಮ್ಮಗುವಿನ ಬೆನ್ನಿನ ಮೇಲೆ ತಾಳ ಹಾಕುತ್ತಿದ್ದಳು. ಅದು ನಿದ್ದೆ ಬರಿಸಲು ತಟ್ಟುವುದು ಅಂತ ತಿಳಿದು ಮಗು ತಾಳ ತಪ್ಪದೆ ಮಲಗಿಬಿಟ್ಟಿತು. ದಾನಿಗಳ ಹೆಸರು ಓದುವಾಗ ಒಬ್ಬರ ಹೆಸರು ಬಿಟ್ಟುಹೋಗಿ, ಅವರ ಹೆಂಡತಿ ಗಂಡನ ಮೊಣಕೈ ಹಿಡಿದು ಎಬ್ಬಿಸಿ ನಿಲ್ಲಿಸಿದರು. ಅದಾದ ಮೇಲೆ ಕಚೇರಿಯ ನಡುಮಧ್ಯ ಪಿಟೀಲಿನ ತಂತಿ ಹರಿಯಿತು. ಟಪ್ ಅಂತ ಸಣ್ಣ ಸದ್ದು. ಪಿಟೀಲಿನ ಹುಡುಗಿಯ ಮುಖ ಬಿಳುಚಿಕೊಂಡಿತು. ಗಾಯಕಿ ಹಾಡು ನಿಲ್ಲಿಸಲಿಲ್ಲ. ಅದೇ ಒಂದು ಸಾಲನ್ನು ತಿರುಗಿಸಿ ತಿರುಗಿಸಿ, ಅವಸರವಿಲ್ಲದೆ ಹಾಡುತ್ತಾ, ಬಲಗೈಯಲ್ಲಿ ತಾಳ ಹಾಕುತ್ತಾ, ಎಡಗೈಯನ್ನು ಆ ಹುಡುಗಿಯ ಕಡೆ ಚಾಚಿದರು. ಹುಡುಗಿ ಹೊಸ ತಂತಿಯ ಸುರುಳಿಯನ್ನು ಆ ಕೈಗೆ ಕೊಟ್ಟಳು. ಅವಳು ತಂತಿ ಬಿಗಿಯುವಷ್ಟು ಹೊತ್ತೂ ಗಾಯಕಿ ಸುರುಳಿ ಹಿಡಿದುಕೊಂಡು, ಸ್ವಲ್ಪ ಸ್ವಲ್ಪವೇ ಬಿಚ್ಚಿ ಕೊಡುತ್ತಾ, ಅವಳನ್ನೇ ನೋಡಿಕೊಂಡು ನಗುತ್ತಾ ಹಾಡಿದರು. ಮಗ್ಗುಲಲ್ಲಿ ಕೂತು ಹೂ ಕಟ್ಟುವವರಿಗೆ ದಾರ ಬಿಟ್ಟುಕೊಡುತ್ತೇವಲ್ಲ, ಹಾಗೆ. ನಾನು ಕಣ್ಣು ಕೀಳದೆ ನೋಡಿದೆ. ಇದನ್ನು ಹೇಗೆ ಹೇಳಬೇಕು ಅನ್ನುವುದೂ ಆಗಲೇ ಸಿಕ್ಕಿತ್ತು.

ಮರುದಿನ ಹತ್ತು ಗಂಟೆಗೆ ಕಾಫಿ ಬೆರೆಸಿಕೊಂಡು ಕೂತು ಅಕ್ಕನಿಗೆ ಫೋನ್ ಮಾಡಿದೆ. ಅವರು ಕಣದಲ್ಲೇ ಇದ್ದರು.

"ಅಕ್ಕ, ನಿನ್ನೆ ಎಂತಾಯ್ತು ಅಂದ್ರೆ..."

"ಹೇಳಬೇಡ, ಹೇಳಬೇಡ" ಅಂದರು ಅಕ್ಕ ನಗುತ್ತಾ. "ಅದರ ರೆಕಾರ್ಡ್ ಅಲ್ಲೇ ಇರ್ತದಂತೆ, ನಿನ್ನ ಭಾವ ಹೇಳಿದ್ರು. ಕರೆಂಟ್ ಬರಲಿ, ನೋಡ್ತೀನಿ. ನೀನು ಹೇಳಿಬಿಟ್ರೆ ಮಜಾ ಹೋಗ್ತದೆ."

"ಹೌದಲ್ದಾ" ಅಂದೆ. "ನೋಡಿ, ನೋಡಿ. ತುಂಬ ಚೆನ್ನಾಗಿದೆ."

ಆಮೇಲೆ ಬಿದ್ದ ಮರದ ವಿಷಯ ಮಾತಾಡಿದೆವು. ಹಲಸಿನ ಮರವಂತೆ, ಹಳೆಯದು. ಅದರ ಮೇಲೆ ಹಬ್ಬಿಸಿದ್ದ ಮೆಣಸಿನ ಬಳ್ಳಿಯೂ ಹೋಯಿತಂತೆ. ಭಾವನಿಗೆ ಕೆಮ್ಮು. ನಾನು ಕಷಾಯದ ಪುಡಿ ಕಳಿಸುತ್ತೇನೆ ಅಂದೆ.

ನಾಲ್ಕೈದು ದಿನ ಬಿಟ್ಟು ನಾನೂ ಆ ರೆಕಾರ್ಡ್ ಹಾಕಿ ನೋಡಿದೆ. ಅಜ್ಜಿ ಇಲ್ಲ, ಮಗು ಇಲ್ಲ. ಅವರು ಕ್ಯಾಮರಾದ ಹಿಂದೆ. ತಂತಿ ಹರಿಯುವ ಜಾಗ ಬಂತು. ಕ್ಯಾಮರಾ ಗಾಯಕಿಯ ಮುಖವನ್ನು ಹತ್ತಿರದಿಂದ ಹಿಡಿದು ಅಲ್ಲೇ ನಿಂತಿದೆ. ಕೈ ಕಾಣುವುದಿಲ್ಲ, ಪಿಟೀಲು ಕಾಣುವುದಿಲ್ಲ. ಇದ್ದಕ್ಕಿದ್ದ ಹಾಗೆ ಪಿಟೀಲಿನ ದನಿ ಇಲ್ಲವಾಗುತ್ತದೆ. ಗಾಯಕಿ ಒಂದೇ ಸಾಲನ್ನು ಮತ್ತೆ ಮತ್ತೆ ಹಾಡುತ್ತಾರೆ, ಪಕ್ಕಕ್ಕೆ ಎಲ್ಲೋ ನೋಡಿ ನಗುತ್ತಾರೆ. ಸ್ವಲ್ಪ ಹೊತ್ತಿಗೆ ಪಿಟೀಲು ತಾನಾಗಿ ಬಂದು ಸೇರಿಕೊಳ್ಳುತ್ತದೆ. ಏನಾಯಿತು ಅಂತ ನೋಡುವವರಿಗೆ ಗೊತ್ತಾಗುವ ಹಾಗೇ ಇಲ್ಲ.

ಅಕ್ಕ ಅದನ್ನು ಕರೆಂಟು ಬಂದ ದಿನವೇ ನೋಡಿದ್ದರು. ಕೈಮುಗಿದ ಗುರುತು, ಹೂವಿನ ಗುರುತು ಕಳಿಸಿದ್ದರು. ಆಮೇಲೆ ಎಷ್ಟೋ ಸಲ ಫೋನಿನಲ್ಲಿ ಸಿಕ್ಕಿದ್ದಾರೆ. ಅವರು ಸಣ್ಣದನ್ನೂ ಬಿಡದ ಹೆಂಗಸು, ಪಿಟೀಲು ಎಂತಕ್ಕೆ ನಿಂತಿತು ಅಂತ ಕೇಳಿಯೇ ಕೇಳುತ್ತಾರೆ ಅಂತ ಪ್ರತಿ ಸಲವೂ ಕಾಯುತ್ತೇನೆ. ಇನ್ನೂ ಕೇಳಿಲ್ಲ.